ಗಾಡ್‌ಫಾದರ್ ಮತ್ತು ನಮ್ಮನೆ ವೋಲ್ಟೇಜು

ಅಮೆರಿಕದಿಂದ ಬರುವ ಭಾವ ಫೋನಿನಲ್ಲಿ 'ಎಂತ ತರಲಿ?' ಎಂದು ಕೇಳಿದರೆ ಶಿರಸಿ ಕಡೆಯವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ಎಂತದೂ ಬ್ಯಾಡ, ನೀವು ಬಂದ್ರೆ ಸಾಕು' ಎನ್ನುವುದು ಮರ್ಯಾದೆ. ನಾನು ಮರ್ಯಾದೆ ಬದಿಗಿಟ್ಟು 'ಗಾಡ್‌ಫಾದರ್'ನ ಫೋರ್‌ಕೆ ಪೆಟ್ಟಿಗೆ, ಅಂದರೆ ಚಿತ್ರ ಬಹಳ ಸ್ಪಷ್ಟವಾಗಿ ಕಾಣುವ ಡಿಸ್ಕುಗಳ ಕಟ್ಟು, ಬೇಕು ಎಂದೆ. 1972ರ ಸಿನಿಮಾಕ್ಕೆ ಐವತ್ತು ವರ್ಷ ತುಂಬಿತೆಂದು 2022ರಲ್ಲಿ ಮೂರೂ ಭಾಗ ಸೇರಿಸಿ, ಹೊಸದಾಗಿ ತೊಳೆದು ಬಳಿದು ಬಿಟ್ಟಿದ್ದರಲ್ಲ, ಅದು. ಭಾವ ತಂದುಕೊಟ್ಟರು. ಅಪ್ಪಯ್ಯ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಚಾಕಲೇಟ್ ಅಲ್ದಾ?' ಎಂದು ಕೆಳಗಿಟ್ಟರು.

ನಮ್ಮ ಹಳೇ ಡಿವಿಡಿ ಪ್ಲೇಯರಿನಲ್ಲಿ ಇದು ಓಡುವುದಿಲ್ಲ ಅಂತ ಮೊದಲೇ ಹೇಳಿದ್ದೆ. 'ಅದೂ ದುಂಡಗಿದ್ದು, ಇದೂ ದುಂಡಗಿದ್ದು, ಎಂತಕ್ಕೆ ಓಡ್ತಿಲ್ಲೆ?' ಎಂದು ಅಪ್ಪಯ್ಯ ತಾವೇ ಹಾಕಿ ನೋಡಿದರು. ಡಿಸ್ಕನ್ನು ಹೊಟ್ಟೆಯೊಳಗೆ ಇಟ್ಟುಕೊಂಡೇ ಆ ಮಷಿನ್ನು 'ನೋ ಡಿಸ್ಕ್' ಎಂದಿತು. ಡಿವಿಡಿ ಓದುವುದು 650 ನ್ಯಾನೋಮೀಟರಿನ ಕೆಂಪು ಲೇಸರ್, ಇದಕ್ಕೆ ಬೇಕಾದ್ದು 405ರ ನೀಲಿ-ನೇರಳೆ ಲೇಸರ್. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಹಿಡಿದರೆ ಫೋರ್‌ಕೆ ಡಿಸ್ಕಿನಲ್ಲಿ 100 ಜಿಬಿವರೆಗೂ ತುಂಬಿರುತ್ತಾರೆ, ಅದನ್ನು ಹಳೇ ಲೇಸರಿನಲ್ಲಿ ಓದುವುದೆಂದರೆ ದಪ್ಪ ಬೆರಳಿನಲ್ಲಿ ಎಳ್ಳು ಹೆಕ್ಕಿದ ಹಾಗೆ. ಒಂದು ಸಮಾಧಾನ ಅಂದರೆ ಡಿವಿಡಿಗೆ ಇದ್ದ ದೇಶಕ್ಕೊಂದು ಬೀಗ, ಅಂದರೆ ಅಮೆರಿಕಕ್ಕೆ 1, ಭಾರತಕ್ಕೆ 5 ಅಂತ ಇತ್ತಲ್ಲ, ಆ ರೀಜನ್ ಕೋಡಿನ ರಗಳೆ ಫೋರ್‌ಕೆ ಡಿಸ್ಕಿಗೆ ಇಲ್ಲ. ಆದರೆ ಬೀಗ ಇಲ್ಲದಿದ್ದರೇನು ಬಂತು, ಬಾಗಿಲೇ ಇರಲಿಲ್ಲ. ಟಿವಿ ಮಾತ್ರ ಭರ್ಜರಿ. ಅಡಿಕೆಗೆ ಒಳ್ಳೇ ದರ ಸಿಕ್ಕ ವರ್ಷ ತಂದದ್ದು.

ಬಾಗಿಲು ಬಂದದ್ದು ಚೌತಿಗೆ, ಕಾರವಾರದಿಂದ. ಅಕ್ಕನ ಮಗ ತನ್ನ ಗೇಮ್ ಆಡುವ ಪೆಟ್ಟಿಗೆ ಬಿಟ್ಟು ಒಂದು ರಾತ್ರಿಯೂ ಇರುವ ಮಾಣಿ ಅಲ್ಲ. ಪ್ಲೇಸ್ಟೇಷನ್ 5. ಡಿಸ್ಕ್ ಹಾಕುವ ಜಾಗ ಇರುವಂಥದ್ದು, ಫೋರ್‌ಕೆ ಸಿನಿಮಾ ಓದುತ್ತದೆ. ಅಂಕೋಲೆ, ಕುಮಟೆ ದಾಟಿ, ದೇವಿಮನೆ ಘಟ್ಟ ಹತ್ತುವಾಗಲೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದನಂತೆ. ಅವನಿಗೆ ಎಷ್ಟು ಉಪಚಾರ ಮಾಡಿದೆ ಅಂತ ಕೇಳಬೇಡಿ.

ಅವತ್ತು ನಮ್ಮನೆಯಲ್ಲಿ ಚಕ್ಕುಲಿ ಕಂಬಳ. ಊರ ಗಂಡಸರೆಲ್ಲ ಸಾಲಾಗಿ ಕುಳಿತು ಕೈಯಲ್ಲೇ ಚಕ್ಕುಲಿ ಸುತ್ತುತ್ತಾರೆ, ಹರಟೆ ತಪ್ಪಿದರೆ ಕೈಯೂ ನಿಲ್ಲುತ್ತದೆ. ಹಿಟ್ಟು ಮೆತ್ತಿದ ಕೈಗಳ ನಡುವೆ ಸಿನಿಮಾ ಶುರುವಾಯಿತು. ಕತ್ತಲೆಯಲ್ಲಿ ಒಂದು ಮುಖ. ಅದು ಮಾತಾಡುತ್ತಲೇ ಇದೆ, ಕ್ಯಾಮೆರಾ ನಿಧಾನಕ್ಕೆ ಹಿಂದೆ ಹಿಂದೆ ಬರುತ್ತಿದೆ.

'ತಮಾ, ವೋಲ್ಟೇಜ್ ಇಲ್ಲೆ ಕಾಣ್ತು' ಎಂದರು ದೊಡ್ಡಪ್ಪ.

ವೋಲ್ಟೇಜ್ ಸರಿಯಾಗಿಯೇ ಇತ್ತು. ಇದನ್ನು ತೆಗೆದ ಗೋರ್ಡನ್ ವಿಲಿಸ್ ಎಂಬ ಛಾಯಾಗ್ರಾಹಕನಿಗೆ ಕತ್ತಲೆಯ ರಾಜಕುಮಾರ ಅಂತಲೇ ಅಡ್ಡಹೆಸರು. ಬೆಳಕನ್ನು ತಲೆಯ ಮೇಲಿಂದ ಬಿಟ್ಟು, ಮಾಫಿಯಾ ದೊರೆ ಡಾನ್ ಕಾರ್ಲಿಯೋನೆಯ ಪಾತ್ರ ಮಾಡಿದ ಮರ್ಲನ್ ಬ್ರ್ಯಾಂಡೋನ ಕಣ್ಣು ಬೇಕೆಂದೇ ನೆರಳಿನಲ್ಲಿ ಮುಳುಗಿಸಿದ ಪುಣ್ಯಾತ್ಮ. ಪ್ರಿಂಟ್ ತೆಗೆದು ತೆಗೆದು ಮೂಲ ನೆಗೆಟಿವ್ ಸವೆದುಹೋಗಿತ್ತು. ಅದನ್ನು 2008ರ ಹೊತ್ತಿಗೆ ರಾಬರ್ಟ್ ಹ್ಯಾರಿಸ್ ಒಮ್ಮೆ ರಿಪೇರಿ ಮಾಡಿದರು. 2022ಕ್ಕೆ ಮತ್ತೊಮ್ಮೆ ಕುಳಿತು, ಫಿಲ್ಮಿನ ಕಲೆ ಹರಕು ತಿದ್ದುವುದಕ್ಕೇ 4,000 ಗಂಟೆಗಿಂತ ಜಾಸ್ತಿ ಕೆಲಸ ಮಾಡಿದ್ದಾರೆ. ಆ ಕಪ್ಪು ಹದವಾಗಿ ಕಪ್ಪಾಗಿಯೇ ಉಳಿಯಲಿ ಅಂತ ಬಣ್ಣಕ್ಕೆ ಬೇರೆ ಸಾವಿರಕ್ಕೂ ಹೆಚ್ಚು ಗಂಟೆ. ಇದನ್ನೆಲ್ಲ ವಿವರಿಸುತ್ತಿದ್ದೆ. ಅಷ್ಟರಲ್ಲಿ ಅಪ್ಪಯ್ಯ ಹಿಟ್ಟಿನ ಕೈಯಲ್ಲೇ ರಿಮೋಟ್ ಎತ್ತಿಕೊಂಡು, ಬ್ರೈಟ್‌ನೆಸ್ ಹುಡುಕಿ, ಬಲಬದಿಯ ಬಾಣದ ಗುಂಡಿ ಒತ್ತಿದರು. ಗುಂಡಿಯ ಸಂದಿಗೆ ಅಕ್ಕಿ-ಉದ್ದಿನ ಹಿಟ್ಟು ಮೆತ್ತಿಕೊಂಡಿತು. ಒತ್ತಿದ್ದು ಮೇಲೆ ಬರಲೇ ಇಲ್ಲ. 60, 70, 85, ನಾವು ನೋಡುನೋಡುತ್ತಿದ್ದಂತೆ ನೂರು. ಸಾವಿರಾರು ಗಂಟೆ ಕಾಪಾಡಿದ ಕತ್ತಲೆ ಹಿಡಿ ಹಿಟ್ಟಿಗೆ ಹೋಯಿತು. ಡಾನ್ ಕಾರ್ಲಿಯೋನೆ ಮಾಡಿನ ಮೇಲೆ ಬಟ್ಟೆ ಒಣಗಿಸಲು ಬಂದವನಂತೆ ಬಿಸಿಲಲ್ಲಿ ಕುಳಿತಿದ್ದ.

'ಹಾಂ, ಈಗ ಚೊಲೋ ಆತು' ಎಂದಿತು ಇಡೀ ಸಾಲು.

ಕಡ್ಡಿಯಿಂದ ಹಿಟ್ಟು ಕೆದಕುತ್ತಲೇ ಕಥೆ ಹೇಳಿದೆ. ಮದುವೆಯ ಭಾಗ ಎಲ್ಲರಿಗೂ ಹಿಡಿಸಿತು. ಮಗಳ ಮದುವೆಯ ದಿನ ಅಪ್ಪ ಬಂದವರ ಅಹವಾಲಿಗೆ ಇಲ್ಲ ಅನ್ನಬಾರದು ಎಂಬ ಪದ್ಧತಿಯನ್ನು ದೊಡ್ಡಪ್ಪ ಬಹಳ ಮೆಚ್ಚಿದರು. ಬ್ರ್ಯಾಂಡೋನ ಮಡಿಲಲ್ಲಿರುವ ಬೆಕ್ಕು ಸ್ಟುಡಿಯೋದಲ್ಲಿ ತಿರುಗಾಡಿಕೊಂಡಿದ್ದ ಬೀದಿಬೆಕ್ಕು ಎಂದಿದ್ದಕ್ಕೆ, 'ನಮ್ಮನೇಲಿ ನಾಕು ಇದ್ದು, ಕೊಡ್ಲಕ್ಕಾಗಿತ್ತು' ಎಂದರು ಆಯಿ. ಅವರ ಚಿಂತೆ ಬೇರೆಯೇ. 'ಅಲ್ದಾ, ಇಷ್ಟು ಜನ ಕುಣಿತಾ ಇದ್ದ, ಊಟದ ಪಂಕ್ತಿ ಎಲ್ಲಿದ್ದು?' ಎಂದು ಕೇಳಿ, ಉತ್ತರಕ್ಕೂ ಕಾಯದೆ ಬಾಣಲೆಯ ಕಡೆ ಹೋದರು.

ಹೋದವರು ಬಿಸಿ ಚಕ್ಕುಲಿಯ ದೊಡ್ಡ ಹರಿವಾಣ ಹಿಡಿದು ವಾಪಸ್ ಬರುವುದಕ್ಕೂ, ಸಿನಿಮಾದಲ್ಲಿ ಡಾನ್ ಮಾತಿಗೆ ಒಪ್ಪದ ಸಿನಿಮಾ ನಿರ್ಮಾಪಕನೊಬ್ಬ ಬೆಳಗ್ಗೆ ಎದ್ದು ರೇಷ್ಮೆ ಹೊದಿಕೆ ಸರಿಸುವುದಕ್ಕೂ ಸರಿಹೋಯಿತು. ನೂರರ ಬ್ರೈಟ್‌ನೆಸ್ಸಿನಲ್ಲಿ ಕುದುರೆಯ ರುಂಡ. ಮೂಲದಲ್ಲಿ ಎಷ್ಟೋ ಮುಚ್ಚಿಡುವ ಕತ್ತಲೆ ನಮ್ಮಲ್ಲಿ ಉಳಿದಿರಲಿಲ್ಲವಲ್ಲ! ಹರಿವಾಣ ನೆಲಕ್ಕೆ ಬಿತ್ತು. ಚಕ್ಕುಲಿ ಮಂಚದ ಕೆಳಗೂ ಹೋದವು. 'ಗಣಪತಿ ಬಪ್ಪ ಮನೇಲಿ ಎಂತದ್ರೋ ಇದು!' ಎಂದು ಆಯಿ ಕೂಗುವಾಗ, ಸಮಾಧಾನ ಮಾಡುವ ಉತ್ಸಾಹದಲ್ಲಿ ಮಾಣಿ ಮೊಬೈಲ್ ನೋಡಿ, ಅದು ನಿಜವಾದ ಕುದುರೆ ತಲೆಯೇ, ನಾಯಿಗಳ ಆಹಾರ ಮಾಡುವಲ್ಲಿಂದ ತಂದದ್ದು ಎಂದು ಓದಿ ಹೇಳಿದ. ಟಿವಿ ಬಂದ್. 175 ನಿಮಿಷದ ಸಿನಿಮಾದಲ್ಲಿ ನಮ್ಮೂರು ನೋಡಿದ್ದು ಅಷ್ಟೇ. ದೊಡ್ಡಪ್ಪನ ಪ್ರಕಾರ ಅದು ಒಂದು ಮದುವೆ ಮತ್ತು ಒಂದು ಕುದುರೆಯ ಸಿನಿಮಾ.

ಹಬ್ಬ ಮುಗಿಸಿ ಮಾಣಿ ಕಾರವಾರಕ್ಕೆ ಹೋದ, ಪೆಟ್ಟಿಗೆಯೂ ಹೋಯಿತು. ಡಿಸ್ಕುಗಳು ಮಾತ್ರ ಕಪಾಟಿನಲ್ಲಿವೆ. ತೋಟದಲ್ಲಿ ಮಂಗನ ಕಾಟ ಜೋರಾಗಿದೆ. ಮಿರಮಿರ ಮಿಂಚುವುದನ್ನು ಕಂಡರೆ ಹೆದರುತ್ತವೆ ಅಂತ ಅಪ್ಪಯ್ಯ ಮನೆಯಲ್ಲಿದ್ದ ಹಳೇ ಸಿಡಿಗಳನ್ನೆಲ್ಲ ಬಾಳೆಗೊನೆಗೆ ಕಟ್ಟಿ ಮುಗಿಸಿದ್ದಾರೆ. ಮೊನ್ನೆ ಕಪಾಟಿನ ಮುಂದೆ ನಿಂತಿದ್ದರು.

'ಓಡದ್ದನ್ನ ಇಟ್ಕಂಡು ಎಂತ ಮಾಡ್ತೆ? ಒಂದು ಕೊಡು.'

ಅದು ಕೊಡುವ ವಸ್ತುವಲ್ಲ, ಕ್ಲಾಸಿಕ್ಕು ಎಂದೆ.

'ಮೂರನೇ ಭಾಗ ಅಷ್ಟು ಚೊಲೋ ಇಲ್ಲೆ ಹೇಳಿ ನೀನೇ ಹೇಳಿದ್ದೆ. ಅದನ್ನೇ ಮೂರು ನಮೂನೆ ಕತ್ತರಿಸಿ ಇಟ್ಟಿದ್ದ ಹೇಳೂ ಹೇಳಿದ್ದೆ. ಅದ್ರಲ್ಲಿ ಒಂದು ಕೊಡು, ಮಂಗಕ್ಕೆ ಎಂತ ಗೊತ್ತಾಗ್ತು?'