ಶೇಕಡಾ 4 ಎಲ್ಲಿ ಸೋರಿಹೋಗುತ್ತೆ?

ವಿಕಲಚೇತನರ ಉದ್ಯೋಗದ ಮಾತು ಬಂದಾಗಲೆಲ್ಲ ಚರ್ಚೆ ಮೀಸಲಾತಿ ಎಷ್ಟು ಅನ್ನೋದರಲ್ಲೇ ನಿಂತುಬಿಡುತ್ತೆ. ಸರ್ಕಾರಿ ನೌಕರಿಯಲ್ಲಿ 1995ರ ವಿಕಲಚೇತನರ ಕಾಯ್ದೆಯಲ್ಲಿ ಶೇ. 3 ಇತ್ತು, 2016ರ ಕಾಯ್ದೆ ಅದನ್ನು ಕನಿಷ್ಠ ಶೇ. 4 ಮಾಡಿತು. ಸಂತೋಷ. ಆದರೆ ಎಷ್ಟೋ ಜನರಿಗೆ ನೌಕರಿ ಕೈತಪ್ಪೋದು ಪರೀಕ್ಷಾ ಹಾಲ್‌ನಲ್ಲಿ ಅಲ್ಲ. ಅದಕ್ಕೂ ಮೊದಲೇ, ವೈಕಲ್ಯದ ಸರ್ಟಿಫಿಕೇಟ್ ಕೊಡೋ ಆಸ್ಪತ್ರೆಯಲ್ಲಿ.

ಮೀಸಲಾತಿಗೆ ಬೇಕಾದದ್ದು ಕನಿಷ್ಠ ಶೇ. 40 ವೈಕಲ್ಯ. ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡಿನ ಬಣ್ಣದಲ್ಲೇ ಇದು ಗೊತ್ತಾಗುತ್ತೆ: 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 79ರವರೆಗೆ ಹಳದಿ, 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೀಲಿ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಸಿಗೋದು ಶೇ. 30 ಮಾತ್ರ. ಒಂದೇ ಕಿವಿ ಕೇಳಿಸದಿದ್ದರೂ ಉಪಯೋಗವಿಲ್ಲ, ಕಾಯ್ದೆ ಲೆಕ್ಕಕ್ಕೆ ತಗೊಳ್ಳೋದು ಎರಡೂ ಕಿವಿಯಲ್ಲಿ 60 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚಿನ ನಷ್ಟವನ್ನ.

ಇಲ್ಲಿ ತುಂಬಾ ಜನ ಗಮನಿಸದ ವಿಷಯ ಒಂದಿದೆ. ಎರಡು ಬಗೆಯ ವೈಕಲ್ಯ ಇದ್ದರೆ ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು, ಸುಮ್ಮನೆ ಕೂಡೋದಲ್ಲ. 90ರಿಂದ ದೊಡ್ಡ ಅಂಕಿ ಕಳೆದು, ಉಳಿದದ್ದನ್ನು ಸಣ್ಣ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಕೂಡಬೇಕು. ಕಣ್ಣಿಗೆ 30, ಕಾಲಿಗೆ 20 ಅಂತಿಟ್ಟುಕೊಳ್ಳಿ: 60ನ್ನು 20ರಿಂದ ಗುಣಿಸಿದರೆ 1200, 90ರಿಂದ ಭಾಗಿಸಿದರೆ 13ರ ಮೇಲೆ ಸ್ವಲ್ಪ, ಒಟ್ಟು 43. ಅರ್ಹರಾದರು! ಅದೇ ವ್ಯಕ್ತಿ ಅರ್ಜಿಯಲ್ಲಿ ಕಾಲಿನದೊಂದನ್ನೇ ಬರೆದು ಮೂಳೆ ಡಾಕ್ಟರ ಹತ್ತಿರ ಮಾತ್ರ ತೋರಿಸಿಕೊಂಡು ಬಂದರೆ ಕೈಗೆ ಬರೋದು 20ರ ಬಿಳಿ ಕಾರ್ಡು. ಹಾಗಾಗಿ ಯುಡಿಐಡಿ ಅರ್ಜಿ ಹಾಕುವಾಗಲೇ ಇರೋ ತೊಂದರೆಯನ್ನೆಲ್ಲ ನಮೂದಿಸಿ. ತಾತ್ಕಾಲಿಕ ಸರ್ಟಿಫಿಕೇಟ್ ಆಗಿದ್ದರೆ ಅವಧಿ ಎಂದು ಮುಗಿಯುತ್ತೆ ನೋಡಿಕೊಳ್ಳಿ. ಹೆಸರು, ಇನಿಷಿಯಲ್ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇರಲಿ, ದಾಖಲಾತಿ ಪರಿಶೀಲನೆಯಲ್ಲಿ ತಕರಾರು ಶುರುವಾಗೋದೇ ಅಲ್ಲಿಂದ.

ಇನ್ನೊಂದು ಸೋರಿಕೆ, ಯಾವ ಹುದ್ದೆ ಯಾವ ವಿಕಲಚೇತನರಿಗೆ ಆಗುತ್ತೆ ಅಂತ ಗುರುತಿಸುವುದರಲ್ಲಿ. ಕೇಂದ್ರದ ಪಟ್ಟಿಯಲ್ಲಿ ಪ್ರತಿ ಹುದ್ದೆಯ ಮುಂದೆ ಸಂಕೇತಗಳಿರುತ್ತವೆ. ಎಸ್ ಅಂದರೆ ಕೂರೋದು, ಎಸ್‌ಟಿ ನಿಲ್ಲೋದು, ಡಬ್ಲ್ಯೂ ನಡೆಯೋದು, ಎಲ್ ಭಾರ ಎತ್ತೋದು, ಎಂಎಫ್ ಬೆರಳಿನ ಕೆಲಸ. ಯಾವ ವೈಕಲ್ಯದವರು ಅರ್ಹರು ಅಂತ ಪಕ್ಕದಲ್ಲೇ ಇರುತ್ತೆ: ಒಎ ಒಂದು ಕೈ, ಒಎಲ್ ಒಂದು ಕಾಲು, ಬಿಎಲ್ ಎರಡೂ ಕಾಲು. ನನ್ನ ಆಕ್ಷೇಪ ಇರೋದು ಇದನ್ನು ಬರೆಯುವ ರೀತಿಗೆ. ಈಗ ಆ ಕುರ್ಚಿಯಲ್ಲಿ ಕೂತವರು ಏನೇನು ಮಾಡುತ್ತಾರೋ ಅಷ್ಟನ್ನೂ ಹುದ್ದೆಗೆ ಅನಿವಾರ್ಯ ಅಂತ ಬರೆದುಬಿಟ್ಟರೆ ಹೇಗೆ? ಫೈಲು ಹೊತ್ತು ಮಹಡಿ ಹತ್ತೋದು ಗುಮಾಸ್ತನ ಕೆಲಸದ ತಿರುಳೇ? ಈ ಪಟ್ಟಿಯನ್ನ 3 ವರ್ಷ ಮೀರದ ಹಾಗೆ ಪರಿಶೀಲಿಸಬೇಕು, ತಜ್ಞರ ಸಮಿತಿಯಲ್ಲಿ ವಿಕಲಚೇತನರ ಪ್ರಾತಿನಿಧ್ಯ ಇರಬೇಕು ಅಂತ ಕಾಯ್ದೆಯ 33ನೇ ಸೆಕ್ಷನ್ನೇ ಹೇಳುತ್ತೆ. ನಿಮ್ಮ ವರ್ಗ ಬಿಟ್ಟುಹೋಗಿದ್ದರೆ ಅರ್ಜಿಯ ಕೊನೇ ದಿನಾಂಕಕ್ಕೆ ಮುಂಚೆಯೇ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಿ. ಆಯ್ಕೆಪಟ್ಟಿ ಬಂದಮೇಲೆ ಕೊಟ್ಟರೆ ಕೇಳೋರಿರಲ್ಲ.

ಪರೀಕ್ಷೆ ಬರೆದುಕೊಡುವವರ ನೆರವು ಬೇಕಿದ್ದರೆ ಅರ್ಜಿಯಲ್ಲೇ ಟಿಕ್ ಮಾಡಬೇಕು. ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ. ಶೇ. 40 ಇಲ್ಲದಿದ್ದರೂ ಬರೆಯೋಕೆ ನಿಜವಾಗಿ ಕಷ್ಟ ಇದ್ದವರಿಗೆ ಈ ಸೌಲಭ್ಯ ನಿರಾಕರಿಸುವಂತಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೆಲಸ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಮೇಲೆ? ಕಣ್ಣು ಕಾಣದ ನೌಕರರ ಮುಂದೆ ಕಂಪ್ಯೂಟರ್ ಇಡುತ್ತಾರೆ, ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗೇ ಸಿಗುತ್ತೆ, ಕನ್ನಡವನ್ನೂ ಓದುತ್ತೆ. ಆದರೆ ಕಚೇರಿಯ ಹಳೇ ಕಡತಗಳೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪಾಗಿದ್ದರೆ ಅದರಿಂದ ಕೇಳಿಸೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಸ್ಕ್ಯಾನ್ ಮಾಡಿದ ಸುತ್ತೋಲೆ ಆದರೆ ಏನೂ ಓದಲ್ಲ, ಅದು ಬರೀ ಚಿತ್ರ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಅನ್ನೋದಕ್ಕೆ ಬಜೆಟ್ ಬೇಕಾಗಿಲ್ಲ, ಒಂದು ಆದೇಶ ಸಾಕು. ಕೆಲಸಕ್ಕೆ ತಕ್ಕ ಅನುಕೂಲ ಒದಗಿಸೋದು 20ನೇ ಸೆಕ್ಷನ್ ಪ್ರಕಾರ ಸರ್ಕಾರಿ ಸಂಸ್ಥೆಯ ಕರ್ತವ್ಯ, ಸಾಹೇಬರ ಔದಾರ್ಯ ಅಲ್ಲ. ಆಗದಿದ್ದರೆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟು ನೋಂದಣಿ ಮಾಡಿಸಿ. ನೋಂದಾಯಿಸಿದ 2 ವಾರದೊಳಗೆ ವಿಚಾರಣೆ ನಡೆಯಬೇಕು, ಅಲ್ಲೂ ಪರಿಹಾರ ಸಿಗದಿದ್ದರೆ ಮುಂದೆ ಜಿಲ್ಲಾ ಮಟ್ಟದ ಸಮಿತಿ ಇದೆ.

ಸೇವೆಯಲ್ಲಿದ್ದಾಗಲೇ ಅಪಘಾತವೋ ಕಾಯಿಲೆಯೋ ಆಗಿ ವೈಕಲ್ಯ ಬಂದವರಿಗೂ ಇದೇ 20ನೇ ಸೆಕ್ಷನ್ ರಕ್ಷಣೆ. ಕೆಲಸದಿಂದ ತೆಗೆಯೋ ಹಾಗಿಲ್ಲ, ಹಿಂಬಡ್ತಿ ಕೊಡೋ ಹಾಗಿಲ್ಲ. ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬೇಕು. ಅಂಥ ಹುದ್ದೆ ಇಲ್ಲದಿದ್ದರೆ, ಸಿಗೋವರೆಗೆ ಅಥವಾ ನಿವೃತ್ತಿವರೆಗೆ ಸಂಖ್ಯಾಧಿಕ ಹುದ್ದೆಯಲ್ಲಿ, ಅಂದರೆ ಮಂಜೂರಾದದ್ದಕ್ಕಿಂತ ಹೆಚ್ಚುವರಿ ಹುದ್ದೆಯಲ್ಲಿ, ಇಟ್ಟುಕೊಳ್ಳಬಹುದು. ಹಾಗಾಗಿ ಆಸ್ಪತ್ರೆ ಹಾಸಿಗೆ ಹತ್ತಿರ ಯಾರಾದರೂ ಸ್ವಯಂ ನಿವೃತ್ತಿ ಅರ್ಜಿ ತಂದರೆ, ಮನೆಯವರು ದಯವಿಟ್ಟು ಅವಸರದಲ್ಲಿ ಸಹಿ ಹಾಕಿಸಬೇಡಿ.