ಬಾವಲಿ ವೇಷಕ್ಕೆ ಲೆಕ್ಕ ಕೊಡಬೇಕಾ?

ಪ್ರಶ್ನೆ: ಕ್ರಿಸ್ಟೋಫರ್ ನೋಲನ್ ಅವರ ಮೂರು ಬ್ಯಾಟ್‌ಮ್ಯಾನ್ ಸಿನಿಮಾಗಳು (2005, 2008, 2012) ಸೂಪರ್‌ಹೀರೋ ಕಥೆಯನ್ನು ನಿಜವಾಗಿ ನಡೆದ ಹಾಗೆ, ನಗುವಿಗೆ ಜಾಸ್ತಿ ಜಾಗ ಕೊಡದೆ ಹೇಳಿದವು. ಕಥೆ ಹೇಳುವ ಈ ರೀತಿ ಸರಿಯೇ?

ಪರ: ಭಾರ ಹೊತ್ತ ನಡಿಗೆಯೇ ಬೇರೆ

ಪರವಾಗಿ ಬರೆಯಿರಿ ಎಂದು ಕೇಳಿದರು, ಒಪ್ಪಿಕೊಂಡೆ. ಮೂರನೇ ಸಿನಿಮಾ ನನಗೆ ಅಷ್ಟು ಹಿಡಿಸಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಎರಡರ ಪರವಾಗಿ ಮಾತ್ರ ಮನಸ್ಸಿಟ್ಟು ಬರೆಯಬಲ್ಲೆ.

ನಮ್ಮ ಮನೆ ಇರುವುದು ಮೈಸೂರಿನಲ್ಲಿ, ಜಂಬೂಸವಾರಿಯ ದಾರಿಯಿಂದ ಹತ್ತು ನಿಮಿಷದ ನಡಿಗೆ. ದಸರಾಕ್ಕೆ ಎಷ್ಟೋ ವಾರ ಮೊದಲೇ ಆನೆಗಳ ತಾಲೀಮು ಶುರುವಾಗುತ್ತದೆ. ಮೊದಲು ಬರಿಬೆನ್ನಿನಲ್ಲಿ ನಡೆಸುತ್ತಾರೆ. ಆಮೇಲೆ ಮರಳಿನ ಮೂಟೆ ಹೊರಿಸುತ್ತಾರೆ. ಅದಾದ ಮೇಲೆ ಮರದ ಅಂಬಾರಿ. ಬೆಳಿಗ್ಗೆ ಹಾಲು ತರಲು ಹೋದಾಗ ನಾನು ನಿಂತು ನೋಡುತ್ತೇನೆ. ಬರಿಬೆನ್ನಿನ ಆನೆ ಸೊಂಡಿಲು ಆಡಿಸುತ್ತಾ ಸಲೀಸಾಗಿ ಹೋಗುತ್ತದೆ. ಮೂಟೆ ಹೊತ್ತ ಆನೆ ಹಾಗಲ್ಲ. ಪಾದ ಊರಿ, ಮೈ ಸರಿಮಾಡಿಕೊಂಡು, ಆಮೇಲೆ ಮುಂದಿನ ಹೆಜ್ಜೆ ಎತ್ತುತ್ತದೆ. ವಿಜಯದಶಮಿಯ ದಿನ ಅದರ ಬೆನ್ನ ಮೇಲೆ ಸುಮಾರು 750 ಕಿಲೋ ತೂಕದ ಅಂಬಾರಿ ಇರುತ್ತದೆ. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ನಡೆಯಬೇಕು. ಪ್ಲಾಸ್ಟಿಕ್ಕಿನಲ್ಲಿ ಅಂಬಾರಿ ಮಾಡಿ ಚಿನ್ನದ ಬಣ್ಣ ಬಳಿದರೆ ದೂರದಿಂದ ಹಾಗೇ ಕಾಣಬಹುದು. ಆದರೆ ಆನೆಯ ಹೆಜ್ಜೆ ನೋಡಿದವರಿಗೆ ಗೊತ್ತಾಗಿಬಿಡುತ್ತದೆ.

ನೋಲನ್ ಸಿನಿಮಾಗಳಲ್ಲಿ ನನಗೆ ಕಂಡದ್ದು ಈ ಭಾರ. 2008ರ ಸಿನಿಮಾದಲ್ಲಿ ಒಂದು ಉದ್ದನೆಯ ಲಾರಿ ನಡುಬೀದಿಯಲ್ಲಿ ಮೂಗಿನ ಮೇಲೆ ಎದ್ದು ಹಿಂದುಮುಂದಾಗಿ ಮಗುಚಿಕೊಳ್ಳುತ್ತದೆ. ಅದು ಕಂಪ್ಯೂಟರಿನಲ್ಲಿ ಬಿಡಿಸಿದ ಲಾರಿಯಲ್ಲ. ಷಿಕಾಗೋದ ಲಾಸಾಲ್ ಬೀದಿಯಲ್ಲಿ ನಿಜವಾದ ಲಾರಿಯನ್ನೇ ಮಗುಚಿದರು. ಮೈಸೂರಿನ ಟಾಕೀಸಿನಲ್ಲಿ ಅದನ್ನು ಮೊದಲ ಸಲ ನೋಡಿದಾಗ ಯಾರೂ ಶಿಳ್ಳೆ ಹೊಡೆಯಲಿಲ್ಲ. ಒಂದು ಕ್ಷಣ ಸದ್ದೇ ಇರಲಿಲ್ಲ. ನನ್ನ ಪಕ್ಕ ಕೂತಿದ್ದ ತಮ್ಮ ಸೀಟಿನ ಕೈ ಹಿಡಿದುಕೊಂಡಿದ್ದ.

ಬರೀ ಲಾರಿಯ ಮಾತಲ್ಲ. ಇಲ್ಲಿ ಹೀರೋ ಮಾಡಿದ ಪ್ರತಿ ಕೆಲಸಕ್ಕೂ ಬೆಲೆ ಇದೆ. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಬಹುದು ಎಂದಾಗ ಅವನಿಗೆ ಒಬ್ಬರೇ ಸಿಗುತ್ತಾರೆ, ಇನ್ನೊಬ್ಬಳು ಸಾಯುತ್ತಾಳೆ. ಸತ್ತವಳು ಮುಂದಿನ ಭಾಗದಲ್ಲಿ ಎದ್ದು ಬರುವುದಿಲ್ಲ. ಊರು ನಂಬಿದ್ದ ವಕೀಲ ಹಾರ್ವಿ ಡೆಂಟ್ ಕೊಲೆಗಾರನಾಗುತ್ತಾನೆ. ಊರಿನ ನಂಬಿಕೆ ಉಳಿಯಲಿ ಎಂದು ಬ್ಯಾಟ್‌ಮ್ಯಾನ್ ಆ ಕೊಲೆಗಳನ್ನು ತನ್ನ ತಲೆಗೆ ಕಟ್ಟಿಕೊಂಡು ಓಡುತ್ತಾನೆ. ಸಿನಿಮಾ ಮುಗಿಯುವಾಗ ಹೀರೋನ ಹಿಂದೆ ಪೊಲೀಸ್ ನಾಯಿಗಳು ಬಿದ್ದಿರುತ್ತವೆ. 1997ರ ಬ್ಯಾಟ್‌ಮ್ಯಾನ್ ಸಿನಿಮಾ ನೋಡಿದ್ದವರಿಗೆ ಈ ವ್ಯತ್ಯಾಸ ಹೇಳಬೇಕಾಗಿಲ್ಲ. ಅದರಲ್ಲಿ ಬಣ್ಣಬಣ್ಣದ ದೀಪ, ಮಂಜುಗಡ್ಡೆಯ ವಿಲನ್, ಎಲ್ಲ ಇತ್ತು. ಯಾರಿಗೆ ಏನಾದರೂ ನಮಗೆ ಏನೂ ಆಗುತ್ತಿರಲಿಲ್ಲ.

ಕತ್ತಲೆ ಅಂದರೆ ದೀಪ ಆರಿಸುವುದು ಎಂದು ತಿಳಿದವರು ನೋಲನ್ ಅವರ 2008ರ ಸಿನಿಮಾದ ಮೊದಲ ಸೀನು ನೋಡಬೇಕು. ಬ್ಯಾಂಕ್ ದರೋಡೆ ನಡೆಯುವುದು ಬಿಸಿಲಿನಲ್ಲಿ. ಮುಖವಾಡ ಹಾಕಿದ ಕಳ್ಳರು ಒಬ್ಬರನ್ನೊಬ್ಬರು ಮುಗಿಸುತ್ತಾ ಹೋಗುತ್ತಾರೆ. ಹಾಡುಹಗಲಲ್ಲೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ.

ಇದು ನಮ್ಮ ಪದ್ಧತಿಯಲ್ಲ ಎನ್ನುವವರಿಗೆ ಒಂದು ಮಾತು. ಗುಬ್ಬಿ ಕಂಪನಿ 1930ರ ದಶಕದಲ್ಲಿ ಕುರುಕ್ಷೇತ್ರ ನಾಟಕ ಆಡಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದಿತ್ತು. ವೀರಣ್ಣನವರಿಗೆ ಪರದೆಯ ಮೇಲೆ ಬರೆದ ಆನೆ ಸಾಕಾಗಲಿಲ್ಲ. ಜನ ಅದನ್ನೇ ನೋಡಲು ಮುಗಿಬಿದ್ದರು.

ಮೂರನೇ ಸಿನಿಮಾದಲ್ಲಿ ಈ ಭಾರ ಸ್ವಲ್ಪ ಜಾರಿತು ಎಂದು ನನಗೂ ಅನ್ನಿಸುತ್ತದೆ. ಅಣುಬಾಂಬು ಬಂದ ಮೇಲೆ ಊರಿನ ಜನ ಕಣ್ಣಿನಿಂದ ಮರೆಯಾಗಿಬಿಟ್ಟರು. ಆದರೂ 2008ರ ಎರಡು ದೋಣಿಗಳ ಸೀನು ಒಂದೇ ನನ್ನ ಕಡೆಗೆ ಸಾಕು. ಒಂದರಲ್ಲಿ ಕೈದಿಗಳು, ಇನ್ನೊಂದರಲ್ಲಿ ಊರಿನವರು. ಒಬ್ಬರ ಬಾಂಬಿನ ಗುಂಡಿ ಇನ್ನೊಬ್ಬರ ಕೈಯಲ್ಲಿ. ನಡುರಾತ್ರಿಯೊಳಗೆ ಯಾರಾದರೂ ಒತ್ತಲೇಬೇಕು, ಇಲ್ಲವೆಂದರೆ ಇಬ್ಬರೂ ಉಳಿಯುವುದಿಲ್ಲ. ಕೊನೆಗೆ ಒಬ್ಬ ದೈತ್ಯ ಕೈದಿ ಎದ್ದು, ಗುಂಡಿಯ ಪೆಟ್ಟಿಗೆ ಇಸಿದುಕೊಂಡು ಕಿಟಕಿಯಿಂದ ನೀರಿಗೆ ಎಸೆಯುತ್ತಾನೆ. ಆ ಹೊತ್ತಿನಲ್ಲಿ ಬ್ಯಾಟ್‌ಮ್ಯಾನ್ ಆ ದೋಣಿಯ ಹತ್ತಿರವೂ ಇರುವುದಿಲ್ಲ.

ವಿರೋಧ: ಗದೆಯ ತೂಕ ಕೇಳಬೇಡಿ

ನಾನು ಮಂಡ್ಯ ಕಡೆಯವನು. ಈ ಮೂರೂ ಸಿನಿಮಾ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದಷ್ಟೂ ನನ್ನ ಸಿಟ್ಟು ಹೆಚ್ಚಾಗಿದೆ.

ಈ ಸಿನಿಮಾಗಳು ಎಲ್ಲದಕ್ಕೂ ಕಾರಣ ಕೊಡುತ್ತವೆ, ಸಿಟ್ಟು ಅದಕ್ಕೇ. 2005ರ ಮೊದಲ ಭಾಗದಲ್ಲಿ ವೇಷ ತೊಟ್ಟ ಬ್ಯಾಟ್‌ಮ್ಯಾನ್ ಕಣ್ಣಿಗೆ ಬೀಳಲು ಸುಮಾರು ಒಂದು ಗಂಟೆ ಬೇಕು. ಅಲ್ಲಿಯವರೆಗೆ ಏನು ನಡೆಯುತ್ತದೆ? ಅಂಗಿಯ ಲೆಕ್ಕ ಬರುತ್ತದೆ. ಅದು ಸೈನಿಕರಿಗೆಂದು ಮಾಡಿದ್ದಂತೆ, ಒಂದಕ್ಕೆ 3 ಲಕ್ಷ ಡಾಲರ್ ಬೀಳುತ್ತದೆ ಎಂದು ಬೇಡ ಅಂದರಂತೆ. ಮುಖವಾಡದ ಲೆಕ್ಕ ಬರುತ್ತದೆ. ಒಂದೇ ಒಂದು ತರಿಸಿದರೆ ಅನುಮಾನ ಬರುತ್ತದೆ ಎಂದು 10,000 ಆರ್ಡರ್ ಕೊಡಬೇಕಂತೆ. ಕಾರು ಯುದ್ಧಭೂಮಿಯಲ್ಲಿ ಸೇತುವೆ ಹಾಕಲು ಮಾಡಿದ್ದು. ರೆಕ್ಕೆ ಕರೆಂಟು ಹಾಯಿಸಿದರೆ ಗಟ್ಟಿಯಾಗುವ ಬಟ್ಟೆ. ಇಷ್ಟೆಲ್ಲ ಯಾರು ಕೇಳಿದರು? 1939ರಲ್ಲಿ ಬಾಬ್ ಕೇನ್, ಬಿಲ್ ಫಿಂಗರ್ ಸೇರಿ ಕಾಮಿಕ್ಸ್ ಪುಸ್ತಕದಲ್ಲಿ ಈ ಬಾವಲಿ ಮನುಷ್ಯನನ್ನು ಕಟ್ಟಿದಾಗ ಅಂಗಿ ಎಲ್ಲಿ ಹೊಲಿಸಿದ ಎಂದು ಓದುವ ಮಕ್ಕಳು ಕೇಳಲಿಲ್ಲ.

ಲೆಕ್ಕ ಕೊಡಲು ಕೂತವನನ್ನು ಜನ ಲೆಕ್ಕ ಕೇಳದೆ ಬಿಡುವುದಿಲ್ಲ. ಅದೇ ಈ ರೀತಿಯ ದೊಡ್ಡ ತೊಂದರೆ. ಮೂರನೇ ಭಾಗ ತೆಗೆದುಕೊಳ್ಳಿ. ಶುರುವಿನಲ್ಲಿ ಡಾಕ್ಟರು ಬ್ರೂಸ್ ವೇಯ್ನ್‌ನ (ವೇಷ ಕಳಚಿದ ಬ್ಯಾಟ್‌ಮ್ಯಾನ್‌ನ ಹೆಸರು ಅದು) ಮೊಣಕಾಲು ಪರೀಕ್ಷೆ ಮಾಡಿ ಕೀಲಿನ ಮೆತ್ತೆ ಪೂರ್ತಿ ಸವೆದು ಹೋಗಿದೆ ಎನ್ನುತ್ತಾರೆ. ಸರಿ, ನಂಬಿದೆವು. ಸ್ವಲ್ಪ ಹೊತ್ತಿಗೆ ಕಾಲಿಗೆ ಒಂದು ಪಟ್ಟಿ ಕಟ್ಟಿಕೊಂಡು ಇಟ್ಟಿಗೆ ಗೋಡೆ ಒಡೆಯುತ್ತಾನೆ. ಆಮೇಲೆ ಬೇನ್ ಎಂಬ ವಿಲನ್ ಅವನ ಬೆನ್ನು ಮುರಿದು ಪಾತಾಳದಂಥ ಜೈಲಿಗೆ ಹಾಕುತ್ತಾನೆ. ಅಲ್ಲಿ ಒಬ್ಬ ಕೈದಿ ಗುದ್ದಿ ಮೂಳೆಯನ್ನು ಒಳಗೆ ತಳ್ಳಿ ಹಗ್ಗದಲ್ಲಿ ನೇತುಹಾಕುತ್ತಾನೆ. ವಾಸಿಯಾಗಿಬಿಡುತ್ತದೆ! ಬಾವಿ ಹತ್ತಿ ಮೇಲೆ ಬರುತ್ತಾನೆ. ಹಿಂದೆ ನಮ್ಮ ಜೋಧ್‌ಪುರದ ಮೆಹರಾನ್‌ಗಢ ಕೋಟೆ ಕಾಣುತ್ತದೆ, ಆ ಸೀನು ಅಲ್ಲೇ ತೆಗೆದಿದ್ದು. ಕೈಯಲ್ಲಿ ಕಾಸಿಲ್ಲ, ಪಾಸ್‌ಪೋರ್ಟ್ ಇಲ್ಲ. ಒಂದನ್ನು ಬಿಟ್ಟು ಉಳಿದ ಸೇತುವೆಗಳನ್ನೆಲ್ಲ ಉಡಾಯಿಸಿ ಬಂದ್ ಮಾಡಿದ ಊರೊಳಗೆ ಮುಂದೆ ಪ್ರತ್ಯಕ್ಷ ಆಗುತ್ತಾನೆ. ಹೇಗೆ ಬಂದ? ನಮ್ಮ ಪುರಾಣದಲ್ಲಿ ಹನುಮಂತ ಹೀಗೆ ಬಂದರೆ ನಾನು ಕೇಳುವುದಿಲ್ಲ. ಇವನನ್ನು ಕೇಳುತ್ತೇನೆ, ಯಾಕಂದರೆ ಮುಖವಾಡದ ಆರ್ಡರ್ ಎಷ್ಟು ಎಂದು ಅವನ ಸಿನಿಮಾವೇ ಹೇಳಿದೆ.

ಇನ್ನೂ ಒಂದು ವಿಷಯ. ಈ ಮೂರೂ ಸಿನಿಮಾದಲ್ಲಿ ಯಾರು ಮನಸ್ಸಿನಲ್ಲಿ ಉಳಿದರು? ಯಾರನ್ನು ಬೇಕಾದರೂ ಕೇಳಿ. ಜೋಕರ್. ಎರಡನೇ ಭಾಗದಲ್ಲಿ ಆ ವಿಲನ್ ಪಾರ್ಟು ಮಾಡಿದ ಹೀತ್ ಲೆಡ್ಜರ್, ಸಿನಿಮಾ ಬಿಡುಗಡೆಗೆ ಮೊದಲೇ, 2008ರ ಜನವರಿಯಲ್ಲಿ ತೀರಿಹೋದರು. ಮರುವರ್ಷ ಅವರಿಗೆ ಆಸ್ಕರ್ ಬಂತು. ಆ ಜೋಕರ್‌ಗೆ ಹೆಸರಿಲ್ಲ, ಊರಿಲ್ಲ. ಪೊಲೀಸರು ಹಿಡಿದಾಗ ಬೆರಳಚ್ಚು ಎಲ್ಲೂ ಹೊಂದುವುದಿಲ್ಲ, ಬಟ್ಟೆಗೆ ಲೇಬಲ್ ಕೂಡ ಇಲ್ಲ. ಬಾಯಿಯ ಗಾಯ ಹೇಗಾಯಿತು ಎಂದು ಒಮ್ಮೆ ಅಪ್ಪನ ಕಥೆ ಹೇಳುತ್ತಾನೆ, ಇನ್ನೊಮ್ಮೆ ಹೆಂಡತಿಯ ಕಥೆ. ಹೀರೋಗೆ ಒಂದು ಗಂಟೆ ಕಾರಣ ಕೊಟ್ಟರು, ವಿಲನ್‌ಗೆ ಒಂದನ್ನೂ ಕೊಡಲಿಲ್ಲ. ಗೆದ್ದವನು ಯಾರು ಅಂತ ಎಲ್ಲರಿಗೂ ಗೊತ್ತು.

ಪರ ಬರೆದವರು ಅಂಬಾರಿಯ ತೂಕ ಹೇಳಿದ್ದಾರೆ. ನಮ್ಮ ಜನ ರಸ್ತೆ ಪಕ್ಕ ನಿಂತು ಕೈಮುಗಿಯುವುದು 750 ಕಿಲೋಗಾ? ಒಳಗೆ ತಾಯಿ ಚಾಮುಂಡಿ ಕೂತಿದ್ದಾಳೆ ಅಂತ, ಅಲ್ವಾ? ದೋಣಿಯ ಸೀನು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಅದು ಅಜ್ಜಿ ಹೇಳುವ ನೀತಿಕಥೆ. ಅದಕ್ಕೆ ವಾಸ್ತವದ ಹಂಗೇ ಬೇಕಾಗಿಲ್ಲ.

ಗದೆಯ ವಿಷಯ ಹೇಳಬೇಕು. ನಾನು ಇಷ್ಟು ಗಟ್ಟಿಯಾಗಿ ಮಾತಾಡುವುದು ಅದಕ್ಕೇ.

ನಮ್ಮ ಕಡೆ ಹಳ್ಳಿಹಳ್ಳಿಯಲ್ಲೂ ಕುರುಕ್ಷೇತ್ರ ನಾಟಕ ಆಡುತ್ತಾರೆ. ಆಡುವವರು ಗದ್ದೆ ಕೆಲಸದವರು, ಅಂಗಡಿಯವರು, ಮೇಷ್ಟ್ರು. ದುಡ್ಡು ಕೊಟ್ಟು ಪಾರ್ಟು ತೆಗೆದುಕೊಳ್ಳಬೇಕು. ದುರ್ಯೋಧನನ ಪಾರ್ಟಿಗೆ ಜಾಸ್ತಿ. ನನಗೆ ಎಂಟು ವರ್ಷ ಇದ್ದಾಗ ನಮ್ಮಪ್ಪ ಒಂದು ಹಸು ಮಾರಿ ದುರ್ಯೋಧನ ಆದರು. ಮೂರು ತಿಂಗಳು ದಿನಾ ರಾತ್ರಿ ಊಟ ಆದ ಮೇಲೆ ಚಾವಡಿಯಲ್ಲಿ ಪ್ರಾಕ್ಟೀಸು. ಹಾರ್ಮೋನಿಯಂ ಮೇಷ್ಟ್ರು ಒಂದೊಂದು ಕಂದಪದ್ಯವನ್ನೂ ಇಪ್ಪತ್ತು ಸಲ ಹೇಳಿಸುತ್ತಿದ್ದರು. ಕಬ್ಬಿಗೆ ನೀರು ಕಟ್ಟುವಾಗಲೂ ಅಪ್ಪ ಅದನ್ನೇ ಗುನುಗುತ್ತಿದ್ದರು.

ನಾಟಕದ ದಿನ ಸಂಜೆ ಸೀನರಿ, ಡ್ರೆಸ್ಸು ಹೊತ್ತ ಟೆಂಪೋ ಬಂತು. ಗದೆ ಇಳಿಸಿಕೊಳ್ಳಲು ನನ್ನ ಕೈಗೆ ಕೊಟ್ಟರು. ಭಾರ ಇರುತ್ತೆ ಅಂತ ಎರಡೂ ಕೈ ಚಾಚಿ, ಮೈ ಬಿಗಿಹಿಡಿದು ನಿಂತಿದ್ದೆ. ಅದು ಬಿದಿರಿನ ದಬ್ಬೆಗೆ ಬಟ್ಟೆ ಸುತ್ತಿ ಚಿನ್ನದ ಕಾಗದ ಅಂಟಿಸಿದ ಗದೆ. ನನ್ನ ಸ್ಕೂಲ್ ಬ್ಯಾಗಿಗಿಂತ ಹಗುರ. ಒಂದು ಕಡೆ ಕಾಗದ ಹರಿದು ಒಳಗಿನ ಹಳೇ ಪಂಚೆ ಕಾಣುತ್ತಿತ್ತು. ನನಗೆ ಅಳುವೇ ಬಂತು. ಹಸು ಮಾರಿದ್ದು ಇದಕ್ಕಾ ಅನ್ನಿಸಿತು.

ಗದಾಯುದ್ಧ ಬರುವ ಹೊತ್ತಿಗೆ ಬೆಳಗಿನ ಜಾವ ನಾಲ್ಕು ದಾಟಿತ್ತು. ಅರ್ಧ ಜನ ಚಾಪೆಯ ಮೇಲೆ ನಿದ್ದೆ ಹೋಗಿದ್ದರು. ಭೀಮ ಕೂಗಿ ಕರೆದ. ಸರೋವರದ ಪರದೆಯ ಹಿಂದಿನಿಂದ ಅಪ್ಪ ಬಂದರು. ಗದೆ ನೆಲಕ್ಕೆ ಊರಿತ್ತು. ಅದನ್ನು ಎತ್ತಲು ಬಗ್ಗಿದರು. ಎತ್ತಲಾಗಲಿಲ್ಲ. ಕುತ್ತಿಗೆಯ ನರ ಉಬ್ಬಿತು, ಹಿಮ್ಮಡಿ ಹಲಗೆಯ ಮೇಲೆ ಜಾರಿತು. ಎರಡನೇ ಸಲ ಎತ್ತಿದರು. ಹೆಗಲಿಗೆ ಬಂದಾಗ ಇಡೀ ಮೈ ಒಂದು ಕಡೆ ವಾಲಿತು. ಮಲಗಿದ್ದವರು ಎದ್ದು ಕೂತರು. ಹರಿದ ಕಾಗದ ನನ್ನ ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು. ಸಂಜೆ ನಾನೇ ಹೊತ್ತಿದ್ದ ಗದೆ ಅದು. ಆದರೂ ಅದು ನಮ್ಮಪ್ಪನನ್ನು ಜಜ್ಜಿಬಿಡುತ್ತೆ ಅಂತ ಭಯವಾಯಿತು.

ಭೀಮ ತೊಡೆಗೆ ಹೊಡೆದ. ಸದ್ದು ಬಂದಿದ್ದು ಹಾರ್ಮೋನಿಯಂ ಮೇಷ್ಟ್ರ ಪಕ್ಕದ ತಬಲಾದಿಂದ. ಅಪ್ಪ ಬಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಯಾರೋ ಗ್ಯಾಸ್‌ಲೈಟ್ ತಂದು ರಂಗದ ಅಂಚಿನಲ್ಲಿಟ್ಟರು. ಆ ಬೆಳಕಿನಲ್ಲಿ ಅಪ್ಪ ಅಂಗೈ ಊರಿಕೊಂಡು, ಕಾಲು ಎಳೆದುಕೊಂಡು ಕೊನೆಯ ಪದ್ಯ ಹಾಡಿದರು. ಮೈಕು ಇರಲಿಲ್ಲ. ಕೊನೆಯ ಸಾಲಿನವರಿಗೂ ಕೇಳಿಸಿತು. ಒನ್ಸ್ ಮೋರ್ ಎಂದು ಕೂಗುವ ನಮ್ಮ ಊರಿನಲ್ಲಿ ಅವತ್ತು ಯಾರೂ ಕೂಗಲಿಲ್ಲ.

2013ರಲ್ಲಿ ಸೂಪರ್‌ಮ್ಯಾನ್‌ಗೂ ಇದೇ ಕಪ್ಪು ಬಳಿದರು. 2022ರಲ್ಲಿ ಬಂದ ಹೊಸ ಬ್ಯಾಟ್‌ಮ್ಯಾನ್ ಹತ್ತಿರ ಹತ್ತಿರ ಮೂರು ಗಂಟೆ, ಬಹುಪಾಲು ಮಳೆ ಮತ್ತು ರಾತ್ರಿ. ನನ್ನ ಮಗಳಿಗೆ ಈಗ ಎಂಟು ವರ್ಷ. ಅವಳಿಗೆ ತೋರಿಸಲು ಒಂದು ಬ್ಯಾಟ್‌ಮ್ಯಾನ್ ಸಿನಿಮಾ ಹುಡುಕಿದೆ. ಈ ಸಾಲಿನಲ್ಲಿ ಒಂದೂ ಸಿಗಲಿಲ್ಲ. ಮಕ್ಕಳಿಗೆಂದು ಹುಟ್ಟಿದ ಹೀರೋ ಅವನು. ಅವನನ್ನು ಮಕ್ಕಳ ಕೈಯಿಂದ ಕಿತ್ತುಕೊಂಡರು ಎಂಬ ನೋವು ನನಗೆ ಇವತ್ತಿಗೂ ಇದೆ.

ಅವತ್ತು ಬೆಳಿಗ್ಗೆ ಅಪ್ಪ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡರು. ಕಿವಿಯ ಹಿಂದೆ ಸ್ವಲ್ಪ ಉಳಿದೇ ಇತ್ತು. ಗುದ್ದಲಿ ಹೆಗಲಿಗೆ ಹಾಕಿಕೊಂಡು ಗದ್ದೆಗೆ ಹೊರಟರು, ನಾನೂ ಹಿಂದೆ ಹೋದೆ. ನಾಲೆಯ ಹತ್ತಿರ ಕೇರಿಯ ಅಜ್ಜಿ ಒಬ್ಬರು ಬಟ್ಟೆ ಒಗೆಯುತ್ತಿದ್ದರು. ಅಪ್ಪನನ್ನು ನೋಡಿ ಒಗೆಯುವುದು ನಿಲ್ಲಿಸಿದರು.

"ತೊಡೆ ನೋವು ಎಂಗದೆ ಮಗ?" ಎಂದು ಕೇಳಿದರು.

ಅಪ್ಪ ನಿಂತು, ಗುದ್ದಲಿ ಕೆಳಗಿಟ್ಟು, ತೊಡೆ ಸವರಿಕೊಂಡರು. "ವಸಿ ಕಮ್ಮಿ ಆಗದೆ ಕಣಜ್ಜಿ" ಎಂದರು.