ಚಿಕ್ಕ ಪಿಸ್ತೂಲಿಗೆ ಯಾವ ಕ್ಯಾಲಿಬರ್? ನಾನಂತೂ 9 ಎಂಎಂ ಅನ್ನುತ್ತೇನೆ

ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ಆಮೇಲೆ ಇಲ್ಲಿನ ಕನ್ನಡದ ಗೆಳೆಯರು ನನ್ನನ್ನು ಕೇಳುವುದು ಇದೊಂದೇ: ಅಂಗಿಯೊಳಗೆ ಕಾಣದ ಹಾಗೆ ಇಟ್ಟುಕೊಳ್ಳುವ ಚಿಕ್ಕ ಪಿಸ್ತೂಲಿಗೆ ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ಗುಂಡು, ಒಳ್ಳೆಯದು?

ಅದಕ್ಕೂ ಮೊದಲು ಒಂದು ಮಾತು. ಎಚ್‌-1ಬಿ ವೀಸಾದಲ್ಲಿ ಇರುವವರು ಬಂದೂಕು, ಗುಂಡು ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ, ಅದು ಫೆಡರಲ್ ಕಾನೂನು. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ, ಆದರೆ ವಕೀಲರನ್ನು ಕೇಳದೆ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ಗೂ ಹೋಗಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ.

ಈಗ ವಿಷಯಕ್ಕೆ ಬರೋಣ. ದೊಡ್ಡ ಗುಂಡಾದರೆ ಜಾಸ್ತಿ ರಕ್ಷಣೆ ಅನ್ನುವ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಸತ್ತರು. ಅವರ ಕಡೆಯಿಂದ ಹೊಡೆದ ಒಂದು 9 ಎಂಎಂ ಗುಂಡು ಎದುರಾಳಿಯ ಎದೆಯೊಳಗೆ ಹೋಗಿ ಹೃದಯ ಮುಟ್ಟುವ ಮೊದಲೇ ನಿಂತಿತ್ತು. ಮಾಂಸದ ಬದಲು ಪರೀಕ್ಷೆಗೆ ಬಳಸುವ ಜೆಲ್‌ನಲ್ಲಿ ಗುಂಡು ಕನಿಷ್ಠ 12 ಇಂಚು ಇಳಿಯಬೇಕು, 18 ದಾಟಬಾರದು ಅನ್ನುವ ಅಳತೆ ಬಂದಿದ್ದು ಅದಾದ ಮೇಲೆಯೇ. ಮೊದಲು 10 ಎಂಎಂ, ನಂತರ 1990ರಲ್ಲಿ .40 ಕ್ಯಾಲಿಬರ್ (ಇದು ಇಂಚಿನ ಲೆಕ್ಕ) ಬಂತು. ಅಮೆರಿಕದ ಪೊಲೀಸರು .40ಗೆ ಮುಗಿಬಿದ್ದರು. ಅಷ್ಟರಲ್ಲಿ ಗುಂಡು ತಯಾರಿಸುವವರು ಹಾಲೋ ಪಾಯಿಂಟನ್ನೇ (ತುದಿಯಲ್ಲಿ ಕುಳಿ ಇದ್ದು, ಒಳಗೆ ಹೋದಾಗ ಅರಳುವ ಗುಂಡು) ಸುಧಾರಿಸಿದರು, ಹೊಸ 9 ಎಂಎಂ ಗುಂಡು ಆ ಅಳತೆಗೆ ಸರಿಯಾಗಿ ಇಳಿಯತೊಡಗಿತು, ಕೊನೆಗೆ ಎಫ್‌ಬಿಐ ಕೂಡ 9 ಎಂಎಂಗೇ ವಾಪಸ್ ಬಂತು. ಅವರಿಗೇ 9 ಎಂಎಂ ಸಾಕು ಅನ್ನಿಸಿದ ಮೇಲೆ ನಮಗೆ .40 ಯಾಕೆ ಬೇಕು?

ಅದರಲ್ಲೂ ಚಿಕ್ಕ ಪಿಸ್ತೂಲಿನಲ್ಲಿ ಬೇಡವೇ ಬೇಡ. ಅರ್ಧ ಕೆಜಿ ತೂಕ, ಮೂರು ಇಂಚಿನ ನಳಿಕೆ, ಹಿಡಿ ಎಷ್ಟು ಗಿಡ್ಡ ಅಂದರೆ ಕಿರುಬೆರಳಿಗೆ ಜಾಗವೇ ಇರುವುದಿಲ್ಲ. .40 ಅಲ್ಲಿಂದ ಒದೆಯುವ ರೀತಿಗೆ ಎರಡು ಮ್ಯಾಗಜಿನ್ ಮುಗಿಯುವಷ್ಟರಲ್ಲಿ ಕೈ ಹೆದರಲು ಶುರುಮಾಡುತ್ತದೆ. ಟ್ರಿಗರ್ ಪೂರ್ತಿ ಎಳೆಯುವ ಮೊದಲೇ ಮಣಿಕಟ್ಟು ಬಿಗಿದು ಪಿಸ್ತೂಲಿನ ಮೂತಿ ಬಾಗುತ್ತದೆ. ಬಲಗೈಯವರಾದರೆ ಕಾಗದದ ಮೇಲೆ ತೂತುಗಳೆಲ್ಲ ಕೆಳಗೆ, ಎಡಕ್ಕೆ. ಒದೆತಕ್ಕೆ ಹೆದರಿದವರು ಅಭ್ಯಾಸ ಬಿಡುತ್ತಾರೆ. ಅಭ್ಯಾಸ ಬಿಟ್ಟವರು ಪಿಸ್ತೂಲು ಒಯ್ಯಲೇಬಾರದು, ಅದು ಪಕ್ಕದಲ್ಲಿ ನಿಂತವರಿಗೇ ಅಪಾಯ.

ಹಾಗಾದರೆ .380 ಅನ್ನುವ ಇನ್ನೊಂದು ಕ್ಯಾಲಿಬರ್? ಗುಂಡಿನ ಅಗಲ 9 ಎಂಎಂನಷ್ಟೇ. ಮದ್ದು ತುಂಬುವ ಕೇಸಿನ ಉದ್ದ ಮಾತ್ರ 19ರ ಬದಲು 17 ಮಿಲಿಮೀಟರ್, ಮದ್ದು ಕಡಿಮೆ. ಗಿಡ್ಡ ನಳಿಕೆಯಿಂದ ಹೊರಟಾಗ ವೇಗ ಸಾಲದೆ ಎಷ್ಟೋ ಸಲ ಹಾಲೋ ಪಾಯಿಂಟ್ ಅರಳುವುದಿಲ್ಲ, ಅರಳಿದರೆ 12 ಇಂಚು ಇಳಿಯುವುದು ಕಷ್ಟ. ಆದರೂ ಬೆರಳಿನ ಸಂದು ನೋವಿರುವವರಿಗೆ, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಂದಕ್ಕೆ ಎಳೆಯಲಾಗದವರಿಗೆ ನಾನು .380 ತಗೊಳ್ಳಿ ಅನ್ನುತ್ತೇನೆ. ಸ್ಮಿತ್ ಆಂಡ್ ವೆಸ್ಸನ್ 2018ರಲ್ಲಿ ತಂದ ಶೀಲ್ಡ್ ಈಝೀ ಇಂಥವರಿಗೆ ಹೇಳಿ ಮಾಡಿಸಿದ ಹಾಗಿದೆ, ಅದರ ಸ್ಲೈಡ್ ಹಗುರ. ಅಂಗೈ ಅಗಲದ 270 ಗ್ರಾಂ .380 ಪಿಸ್ತೂಲು ಮಾತ್ರ ಹೊಸಬರಿಗೆ ಬೇಡ. ಅಷ್ಟು ಹಗುರಾದಾಗ .380 ಕೂಡ ಚೆನ್ನಾಗಿಯೇ ಒದೆಯುತ್ತದೆ.

ಉಳಿದವರೆಲ್ಲ ಕಣ್ಣುಮುಚ್ಚಿ 9 ಎಂಎಂ ತಗೊಳ್ಳಿ. ಅದೇ 2018ರಲ್ಲಿ ಸಿಗ್ ಪಿ365 ಬಂದ ಮೇಲೆ, ಅಷ್ಟು ಚಿಕ್ಕದರಲ್ಲೂ ಮ್ಯಾಗಜಿನ್‌ಗೆ 10 ಗುಂಡು ಹಿಡಿಸುತ್ತದೆ. ಅಭ್ಯಾಸಕ್ಕೆ ಅಗ್ಗದ ಸಾಮಾನ್ಯ ಗುಂಡು ಸಾಕು, ಒಯ್ಯಲು ಹಾಲೋ ಪಾಯಿಂಟ್. ಆ ಹಾಲೋ ಪಾಯಿಂಟನ್ನೂ ಒಂದೆರಡು ಡಬ್ಬಿ ನಿಮ್ಮದೇ ಪಿಸ್ತೂಲಿನಲ್ಲಿ ಹೊಡೆದು ನೋಡಿ. ಒಂದೊಂದು ಪಿಸ್ತೂಲಿಗೆ ಒಂದೊಂದು ಗುಂಡು ಆಗಿಬರುವುದಿಲ್ಲ, ಸಿಕ್ಕಿಹಾಕಿಕೊಳ್ಳುತ್ತದೆ. ಅದು ರೇಂಜ್‌ನಲ್ಲೇ ಗೊತ್ತಾಗಲಿ.